ಓದುವ ಹೊತ್ತಿನಲ್ಲಿ ಕೇಳಿದ ಮಳೆ

ಹಾಸ್ಟೆಲಿನ ಬಚ್ಚಲುಮನೆಯಲ್ಲಿದ್ದ ದೆವ್ವವನ್ನು ಸುತ್ತಿಗೆ ಹಿಡಿದು ಓಡಿಸಿದವಳು ನಾನು. ಹುಡುಗಿಯರು ತಿಂಗಳುಗಟ್ಟಲೆ ಹೆದರಿ, ಜೋಡಿ ಜೋಡಿಯಾಗಿ ಕೈ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ನೋಡಿದರೆ ಮಾಡಿನ ಒಂದು ಸಡಿಲ ತಗಡು ಗಾಳಿಗೆ ನರಳುತ್ತಿತ್ತು. ಎರಡು ಮೊಳೆ ಹೊಡೆದೆ, ದೆವ್ವ ಜಾಗ ಖಾಲಿ ಮಾಡಿತು. ಬಿ.ಎಸ್ಸಿ. ಓದಿದ ಗತ್ತು ಬೇರೆ ಇತ್ತು ನನಗೆ. ಯಾರಾದರೂ ‘ನನಗೆ ಮೊದಲೇ ಮನಸ್ಸಿಗೆ ಬಂದಿತ್ತು’, ‘ಕನಸಿನಲ್ಲಿ ಬಂದು ಹೇಳಿದರು’ ಎಂದೆಲ್ಲ ಶುರು ಮಾಡಿದರೆ ನಗು ತಡೆಯಲು ಆಗುತ್ತಿರಲಿಲ್ಲ. ಆದ್ದರಿಂದ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯ ಒಂದು ವಸತಿ ಶಾಲೆಯಲ್ಲಿ ನಾನು ಹೆಣ್ಣುಮಕ್ಕಳ ವಾರ್ಡನ್. ಸಂಜೆ ಬೀಗ ಹಾಕಿ ಮನೆಗೆ ಹೋಗುವ ಕೆಲಸ ಅಲ್ಲ ಅದು. ಮಕ್ಕಳು ಮಲಗುವ ದೊಡ್ಡ ಕೊಠಡಿಯ ಪಕ್ಕದ ಕೋಣೆಯೇ ನನ್ನ ಮನೆ. ಅರವತ್ತು ಹುಡುಗಿಯರ ತಲೆಯ ಹೇನು, ಹೊಟ್ಟೆನೋವು, ಜಗಳ, ಕಳೆದುಹೋದ ಸಾಕ್ಸು ಎಲ್ಲವೂ ನನ್ನವೇ. ಕಾಂಪೌಂಡಿನ ಆಚೆ, ಹಿಂದೆ ರಾಗಿ ಹೊಲವಿದ್ದ ಜಾಗದಲ್ಲಿ ಹೊಸ ಫ್ಯಾಕ್ಟರಿಯೊಂದು ಎದ್ದಿತ್ತು. ಅದರ ಸೈರನ್ ಕೇಳಿ ನಾವು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದೆವು.

ಆ ಅರವತ್ತು ಜನರಲ್ಲಿ ಪವಿತ್ರ ಒಬ್ಬಳು. ಏಳನೇ ಕ್ಲಾಸು. ಸೋಲೂರಿನಿಂದ ಇನ್ನೂ ಆಚೆಯ ಹಳ್ಳಿಯವಳು. ಅವಳ ಅಪ್ಪ ಅಮ್ಮ ರೇಷ್ಮೆ ಹುಳ ಸಾಕುತ್ತಿದ್ದರು. ಶಾಲೆ ಸೇರಿ ನಾಲ್ಕೈದು ತಿಂಗಳಾದರೂ ಅವಳಿಗೆ ಮನೆಯ ಹಂಬಲ ಬಿಟ್ಟಿರಲಿಲ್ಲ. ಒಂದು ದಿನ ಅಪ್ಪನಿಗೆ ಕಾಲು ಮುರಿದಿದೆಯಂತೆ, ಈಗಲೇ ಊರಿಗೆ ಕಳಿಸಿ ಎಂದು ಅತ್ತು ಕರೆದು ರಂಪ ಮಾಡಿದಳು. ಅವರ ಮನೆಯಲ್ಲಿ ಫೋನಿರಲಿಲ್ಲ. ಊರಿನ ಹಾಲಿನ ಡೈರಿಗೆ ಮಾಡಿ ಹೇಳಿಕಳಿಸಿದರೆ ಐದೇ ನಿಮಿಷದಲ್ಲಿ ಅವಳಪ್ಪನೇ ಬಂದು ಫೋನ್ ಹಿಡಿದ. “ನಂಗೇನಾಗೈತೆ ಮೇಡಮ್ಮೋರೆ? ಎಲ್ಡೂ ಕಾಲಲ್ಲೂ ನಡ್ಕೊಂಡೇ ಬಂದಿವ್ನಿ” ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಇನ್ನು ಮೇಲೆ ನಿನ್ನ ಮಾತು ಕೇಳಿ ಯಾರಿಗೂ ಫೋನ್ ಮಾಡುವುದಿಲ್ಲ ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟೆ.

ಇದಾಗಿ ಒಂದು ತಿಂಗಳಿರಬೇಕು. ಡಿಸೆಂಬರಿನ ಕೊರೆಯುವ ಚಳಿ. ಸಂಜೆ ಏಳೂವರೆ, ಮಕ್ಕಳೆಲ್ಲ ಸಾಲಾಗಿ ಕುಳಿತು ಓದುವ ಹೊತ್ತು. ಕರೆಂಟು ಹೋಯಿತು. ಎಮರ್ಜೆನ್ಸಿ ಲೈಟು ಹಚ್ಚಿ ಕುರ್ಚಿಯಲ್ಲಿ ಕೂತೆ. ಫ್ಯಾಕ್ಟರಿಗೂ ಅಂದು ವಾರದ ರಜೆ, ಎಲ್ಲ ಕಡೆ ನಿಶ್ಶಬ್ದ. ಆಗ ಮಳೆ ಶುರುವಾಯಿತು. ಗುಡುಗು, ಗಾಳಿ ಏನೂ ಇಲ್ಲ. ಎಲೆಗಳ ಮೇಲೆ ಸಣ್ಣದಾಗಿ, ಒಂದೇ ಸಮನೆ ಬೀಳುವ ಸೋನೆ ಮಳೆಯ ಸದ್ದು.

ಅಯ್ಯೋ, ಹಿತ್ತಲಿನ ಹಗ್ಗದ ಮೇಲೆ ಅಷ್ಟೂ ಜನರ ಯೂನಿಫಾರ್ಮು ಒಣಗಲು ಹಾಕಿದೆಯಲ್ಲ! ಒಂದೇ ಓಟ. ಕತ್ತಲಲ್ಲೇ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ತೋಳಿಗೆ ಹಾಕಿಕೊಂಡು, ಒಂದೂ ಬಿಡದೆ ಬಾಚಿಕೊಂಡು ವಾಪಸು ಓಡಿ ಬಂದೆ. ಬಾಗಿಲ ಹತ್ತಿರ ಬಂದಾಗಲೇ ಗೊತ್ತಾಗಿದ್ದು, ನನ್ನ ಮೈ ಮೇಲೆ ಒಂದು ಹನಿಯೂ ಬಿದ್ದಿಲ್ಲ. ನೆಲ ಒಣಗಿ ಬೆಳ್ಳಗಿತ್ತು. ತಲೆ ಎತ್ತಿದರೆ ಆಕಾಶದ ತುಂಬ ನಕ್ಷತ್ರ. ಆದರೆ ಮಳೆಯ ಸದ್ದು ಹಾಗೇ ಇತ್ತು! ಹೊರಗೂ ಅಷ್ಟೇ, ಒಳಗೂ ಅಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ನಲ್ಲಿ ನೋಡಿದೆ, ಬಂದ್ ಇತ್ತು. ಟ್ಯಾಂಕು ತುಂಬಿ ಹರಿಯುತ್ತಿರಲಿಲ್ಲ.

“ನಿಮಗೆ ಮಳೆ ಸದ್ದು ಕೇಳ್ತಾ ಇದೆಯೇನ್ರೇ?” ಎಂದು ಕೇಳಿದೆ. ಹುಡುಗಿಯರು ನನ್ನ ತೋಳಿನ ಬಟ್ಟೆ ರಾಶಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೊನೆಯ ಸಾಲಿನಲ್ಲಿ ಪವಿತ್ರ ಮಾತ್ರ ಪುಸ್ತಕದಿಂದ ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಎಂದೂ ಕಾಣದ ಒಂದು ನೆಮ್ಮದಿಯಿತ್ತು. ಹಾಗೆ ನೋಡುತ್ತಿರುವಾಗಲೇ ಸದ್ದು ಅಲ್ಲಲ್ಲಿ ತೆಳುವಾಗುತ್ತಾ ಬಂತು, ಆಮೇಲೆ ಪೂರ್ತಿ ನಿಂತಿತು. ಅವಳು ದಡಕ್ಕನೆ ಎದ್ದು ನಿಂತಳು.

“ಮಿಸ್, ಸೊಪ್ಪು ಮುಗೀತು” ಎಂದಳು.

ಯಾವ ಸೊಪ್ಪೇ ಎಂದರೆ ನನ್ನ ಕೈ ಹಿಡಿದು ಹೊರಗೆ ಎಳೆದಳು. “ಹುಳ ಮೇಯ್ತಾ ಇದ್ವು ಮಿಸ್, ನಿಮ್ಗೂ ಕೇಳಿಸ್ತಲ್ವಾ? ಈಗ ನಿಂತೋಗೈತೆ. ಸೊಪ್ಪು ಮುಗಿಯೋಕ್ ಮುಂಚೇನೇ ನಮ್ಮವ್ವ ಹಾಕ್ಬುಡ್ತಾಳೆ. ಯಾವತ್ತೂ ಹಿಂಗೆ ಬುಟ್ಟಿಲ್ಲ. ಫೋನ್ ಮಾಡಿ ಮಿಸ್, ಈಗ್ಲೇ ಮಾಡಿ!”

ಬಿಕ್ಕುತ್ತಲೇ ಅವಳು ಹೇಳಿದ್ದು ಇಷ್ಟು. ಗೂಡು ಕಟ್ಟುವ ಮೊದಲಿನ ಕೊನೆಯ ವಾರದಲ್ಲಿ ಹುಳಗಳಿಗೆ ಎಲ್ಲಿಲ್ಲದ ಹಸಿವು. ಸಾವಿರಾರು ಹುಳ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮಳೆ ಬಂದಂತೆ ಕೇಳಿಸುತ್ತದೆ. ಸಾಕುವ ಮನೆಯ ಮಕ್ಕಳು ಆ ಸದ್ದಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತಾರೆ. ಅದು ನಿಂತರೆ ಎಚ್ಚರವಾಗುತ್ತದೆ, ಏಕೆಂದರೆ ಹುಳ ಉಪವಾಸ ಬಿದ್ದಿವೆ ಎಂದು ಅರ್ಥ. ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಚನ್ನಪಟ್ಟಣದ ಬೊಂಬೆ ಮಾಡುವ ಮನೆಯವಳು. ರೇಷ್ಮೆ ಎಂದರೆ ನನಗೆ ಸೀರೆ, ಅಷ್ಟೇ. ಹುಳದ ಮನೆಯ ಹೊಸ್ತಿಲು ತುಳಿದವಳೇ ಅಲ್ಲ.

ಅವಳೊಬ್ಬಳೇ ಹೀಗೆ ಹೇಳಿದ್ದರೆ ಕಿವಿ ಹಿಂಡಿ ಕೂರಿಸುತ್ತಿದ್ದೆ, ಸತ್ಯವಾಗಿ ಹೇಳುತ್ತೇನೆ. ಆದರೆ ನನ್ನ ತೋಳಿನ ತುಂಬ ಅರವತ್ತು ಯೂನಿಫಾರ್ಮುಗಳಿದ್ದವು. ಅವನ್ನು ಅಲ್ಲೇ ಜಗಲಿಯ ಮೇಲೆ ಒಗೆದು ಮೊಬೈಲು ತೆಗೆದುಕೊಂಡೆ. ನಮ್ಮಲ್ಲಿ ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಇಬ್ಬರೂ ಅಲ್ಲಿಗೆ ಓಡಿದೆವು. ಡೈರಿಯ ನಂಬರು ಅವಳಿಗೆ ಬಾಯಿಪಾಠ. ಎಂಗೇಜ್. ಮತ್ತೆ ಎಂಗೇಜ್. ಮೂರನೇ ಸಲ ಡೈರಿಯ ಸೆಕ್ರೆಟರಿ ಎತ್ತಿದರು.

“ಓ, ಸ್ಕೂಲ್ ಮೇಡಮ್ಮೋರಾ? ಈ ಸಲ ಏನ್ ಮುರ್ಕೊಂಡವ್ನಂತೆ ಅವ್ರಪ್ಪ?” ಎಂದು ನಗುತ್ತಲೇ ಕೇಳಿದರು.

ಏನೆಂದು ಹೇಳಲಿ ನಾನು? ಮಳೆ ಕೇಳಿಸಿತು ಎನ್ನಲೇ? “ಸಂಜೆ ಅವರ ಮನೆಯಿಂದ ಹಾಲು ಬಂತಾ?” ಎಂದಷ್ಟೇ ಕೇಳಿದೆ. ಅವರ ನಗು ನಿಂತಿತು. “ಇಲ್ಲ ಕಣಮ್ಮ… ಇವತ್ತು ಬಂದೇ ಇಲ್ಲ” ಎಂದರು. ಆಮೇಲೆ ಅಲ್ಲಿದ್ದ ಯಾರಿಗೋ ಕೂಗಿದ್ದು ನನ್ನ ಕಿವಿಗೇ ಕೂಗಿದ ಹಾಗಿತ್ತು: “ಲೇ ಸಿದ್ದ, ಓಡ್ಲಾ, ಹುಳದ್ ಮನೆ ತಾವ ಹೋಗಿ ನೋಡ್ಲಾ!”

ಫೋನು ಇಡುವುದನ್ನೂ ಮರೆತು ಅವರೂ ಓಡಿದರು. ಕ್ಯಾನು ಉರುಳಿದ ಸದ್ದು, ಓಡುವ ಕಾಲುಗಳ ಸದ್ದು, ಆಮೇಲೆ ಏನೂ ಇಲ್ಲ. ಒಂದೇ ಮೊಬೈಲಿಗೆ ಇಬ್ಬರೂ ಕಿವಿ ಕೊಟ್ಟು ನಿಂತೆವು. ಎಷ್ಟು ಹೊತ್ತು ಹಾಗೆ ನಿಂತೆವೋ ದೇವರಿಗೇ ಗೊತ್ತು. ಪವಿತ್ರಳ ಉಗುರು ನನ್ನ ಮುಂಗೈಯಲ್ಲಿ ನೆಟ್ಟಿತ್ತು. ಆ ದೇವರನ್ನು ನಂಬದ ನಾನು ಮನಸ್ಸಿನಲ್ಲೇ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕಡೆಗೆ ಏದುಸಿರು ಬಿಡುತ್ತಾ ಸೆಕ್ರೆಟರಿಯ ದನಿ ಬಂತು.

“ಬಾಗ್ಲು ಒಡೆದ್ವಿ ಮೇಡಮ್ಮೋರೆ. ಗಂಡ ಹೆಂಡ್ತಿ ಇಬ್ರೂ ಒಳಗೇ ಬಿದ್ದಿದ್ರು. ಉಸ್ರೈತೆ, ಉಸ್ರೈತೆ! ಮಗೀಗೆ ಹೇಳಿ, ಹಾಲಿನ್ ವ್ಯಾನಲ್ಲೇ ಆಸ್ಪತ್ರೆಗೆ ಕರ್ಕೊಂಡೋಯ್ತಾವ್ರೆ.”

ನಾನು ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಅವಳನ್ನು ತಬ್ಬಿಕೊಂಡು ಸಂತೋಷಕ್ಕೆ ಅತ್ತೆ.

ಆಗಿದ್ದು ಇಷ್ಟು. ಚಳಿಗೆ ಹುಳ ಸೊರಗಬಾರದೆಂದು ಬಾಣಲಿಯ ತುಂಬ ಇದ್ದಿಲು ಕೆಂಡ ಮಾಡಿ ಒಳಗಿಟ್ಟಿದ್ದರು. ಬೆಚ್ಚಗಿರಲೆಂದು ಕಿಟಕಿಗಳಿಗೆ ಗೋಣಿತಾಟು ಬಿಗಿದು ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಹುಳದ ತಟ್ಟೆಗಳ ಕಸ ತೆಗೆಯಲು ಕೂತಿದ್ದರು. ಆ ಕೆಂಡದ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ ಅಷ್ಟೇ ಎಂದು ಡಾಕ್ಟರು ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವಂತೆ. ಪಕ್ಕದಲ್ಲೇ ಸೊಪ್ಪಿನ ಹೊರೆ ಬಿಚ್ಚದೆ ಹಾಗೇ ಇತ್ತು. ತಟ್ಟೆಗಳಲ್ಲಿ ಬರೀ ಕಡ್ಡಿ ಉಳಿದಿತ್ತು.

ಮೊಳೆ ಹೊಡೆಯಲು ಸಡಿಲ ತಗಡು ಎಲ್ಲಿದೆ ಎಂದು ನಾನು ಬಹಳ ಹುಡುಕಿದೆ. ಅಂದು ಯಾವ ಮೆಷಿನ್ನೂ ಓಡಿಲ್ಲ ಎಂದು ಫ್ಯಾಕ್ಟರಿಯ ವಾಚ್‌ಮನ್ ಹೇಳಿದ. ಕಿವಿ ಡಾಕ್ಟರಿಗೂ ತೋರಿಸಿಕೊಂಡೆ, ಕಿವಿ ಚೆನ್ನಾಗಿತ್ತು. ನಮ್ಮಮ್ಮ ದೊಡ್ಡಮಳೂರಿಗೆ ಕರೆದುಕೊಂಡು ಹೋಗಿ ಅಪ್ರಮೇಯಸ್ವಾಮಿಗೆ ಕೈ ಮುಗಿಸಿದಳು. ಮುಗಿದೆ. ಹಾಸ್ಟೆಲಿನಲ್ಲಿ ಹುಳ ಸಾಕುವ ಮನೆಯ ಹುಡುಗಿಯರು ಇನ್ನೂ ಹತ್ತಾರು ಜನರಿದ್ದರು. ಅವರಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ.

ಮುಂದಿನ ಬೆಳೆಗೆ ಪವಿತ್ರಳ ಅಮ್ಮ ಗೌರಮ್ಮ ನನ್ನನ್ನು ಊರಿಗೆ ಕರೆಸಿಕೊಂಡರು. ಹೊರಗಿನವರನ್ನು ಹುಳದ ಮನೆಗೆ ಬಿಡುವ ಪದ್ಧತಿ ಅವರಲ್ಲಿಲ್ಲ. ಆದರೂ ನನ್ನ ಕಾಲಿಗೆ ತಾವೇ ನೀರು ಹಾಕಿ, ಬಾಗಿಲು ತೆಗೆದು ಒಳಗೆ ಬಿಟ್ಟರು. ಕಿಟಕಿಗಳು ಈಗ ತೆರೆದಿದ್ದವು. ಒಳಗೆ ಕಾಲಿಟ್ಟೆ. ಗುಡುಗಿಲ್ಲ, ಗಾಳಿಯಿಲ್ಲ, ಎಲೆಗಳ ಮೇಲೆ ಸಣ್ಣದಾಗಿ, ಒಂದೇ ಸಮನೆ ಬೀಳುವ ಮಳೆ. ಅದೇ ಸದ್ದು. ನನಗೇ ಗೊತ್ತಿಲ್ಲದೆ ಬಾಗಿಲ ಕಡೆಗೆ ಎರಡು ಹೆಜ್ಜೆ ಓಡಿಬಿಟ್ಟಿದ್ದೆ.

“ಯಾಕ್ ಮೇಡಮ್ಮೋರೆ, ಎಲ್ಲಿಗ್ ಹೊಂಟ್ರಿ?” ಎಂದು ಗೌರಮ್ಮ ಗಾಬರಿಯಾದರು.

ಹಿಂದಿನಿಂದ ಪವಿತ್ರ ಮೆಲ್ಲಗೆ ಹೇಳಿದಳು, “ಯೂನಿಫಾರಂ ತೆಗೆಯೋಕೆ ಕಣವ್ವ.”

ಅವಳ ಅಪ್ಪ ಅಮ್ಮ, ಅವಳ ಮನೆ, ಅವಳಿಗೆ ಕೇಳಿಸಿದ್ದು ಸರಿ. ನನಗೆ ಏಕೆ ಕೇಳಿಸಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.