ಚುರಮುರಿಯನ್ನು ನೋಡಲು ಬಂದ ದಿನ

ಕಾಡುಗೋಡಿಯಲ್ಲಿ ನಮ್ಮ ಮನೆಯ ಹಿಂದೆ ನಾಲ್ಕು ರೂಮುಗಳಿವೆ. ಮೂರನೆಯದರಲ್ಲಿ ರುಕ್ಮವ್ವ, ಅವಳ ಗಂಡ ಭೀಮಪ್ಪ ಬಾಡಿಗೆಗೆ ಇದ್ದಾರೆ. ಬಾಗಲಕೋಟೆ ಕಡೆಯವರು. ಅವನು ಫ್ಯಾಕ್ಟರಿಗೆ ಹೋಗುತ್ತಾನೆ. ಅವಳು ಟೈಲ್ಸ್ ಕೂರಿಸುವವರಿಗೆ ಸಿಮೆಂಟು ಕಲಸಿ ಕೊಡುತ್ತಾಳೆ. ಯಾವ ಯಾವ ಅಪಾರ್ಟ್‌ಮೆಂಟಿನ ನೆಲ ತನ್ನ ಕೈಯದು ಅಂತ ಬೆರಳು ಮಡಚಿ ಹೇಳುತ್ತಾಳೆ, ಒಂದೂ ತಪ್ಪುವುದಿಲ್ಲ. ತವರಿನ ಬಾಗಿಲಲ್ಲಿ ಯಾವಾಗಲೂ ಒಂದು ನಾಯಿ ಇರುತ್ತಿತ್ತಂತೆ.

"ಇಲ್ಲಿ ಕೆಲಸ ಮುಗಿಸಿ ಬಂದ್ರ ಬೀಗ ಒಂದ ನಮ್ಮ ದಾರಿ ಕಾಯ್ತದರಿ ಅಮ್ಮಾರ," ಅಂತ ಒಂದು ದಿನ ಅಂದಳು.

ಹೋದ ತಿಂಗಳು ತರಕಾರಿಗೆ ಹೋದವಳು ನಾಯಿಮರಿ ಎತ್ತಿಕೊಂಡು ಬಂದಳು. ದಿಕ್ಕಿಲ್ಲದ ಮರಿಗಳನ್ನು ಸಾಕುವವರಿಗೆ ಯಾವುದೋ ಪ್ರಾಣಿ ಸಂಘದವರು ಮೈದಾನದಲ್ಲಿ ಕೊಡುತ್ತಿದ್ದರಂತೆ. ಬಿಳೀ ಮರಿ, ಎರಡು ತಿಂಗಳದ್ದು. ಒಂದು ಕಿವಿ ನಿಂತಿದೆ, ಒಂದು ಬಿದ್ದಿದೆ. ತಾಯಿ ಬೀದಿನಾಯಿ. "ಅಪ್ಪ ಮಾತ್ರ ದೊಡ್ಡ ಮಂದಿ ಪೈಕಿರಿ, ಲಿಫ್ಟ್‌ನ್ಯಾಗ ಓಡಾಡಾಂವ," ಅಂದಳು. ಚುರಮುರಿ ಅಂತ ಹೆಸರಿಟ್ಟಳು. ನಾವು ಕಡಲೆಪುರಿ ಅನ್ನುವುದಕ್ಕೆ ಅವರ ಕಡೆ ಹಾಗೆ ಅಂತಾರೆ.

ಭೀಮಪ್ಪ ಗೊಣಗಿದ. "ನಮಗ ಕಾಲು ಚಾಚಾಕ ಜಾಗಿಲ್ಲ. ಅದು ಹೊರಗ ಮಲಗಬೇಕು, ನೋಡ."

ಮರಿ ಇನ್ನೂ ಅವರದಾಗಿರಲಿಲ್ಲ. ಹತ್ತು ದಿನ ಇಟ್ಟುಕೊಳ್ಳಿ, ಹನ್ನೊಂದನೇ ದಿನ ಬಂದು ನೋಡುತ್ತೇವೆ, ಸರಿ ಕಾಣದಿದ್ದರೆ ವಾಪಸ್ ತಗೊಂಡು ಹೋಗುತ್ತೇವೆ ಅಂತ ಹೇಳಿ ಕಳಿಸಿದ್ದರು.

ಹನ್ನೊಂದನೇ ದಿನ ರುಕ್ಮವ್ವ ಕೆಲಸಕ್ಕೆ ರಜ ಹಾಕಿದಳು. ರಂಗೋಲಿ ಬಿಟ್ಟಳು, ಶಿರಾ ಮಾಡಿದಳು. ಆಮೇಲೆ ಮರಿಯನ್ನು ನಲ್ಲಿ ಹತ್ತಿರ ಕೂರಿಸಿ, ಒಂದು ಚಮಚ ಅರಿಶಿನ ಕಲಸಿ ಮೂತಿಯಿಂದ ಬಾಲದವರೆಗೆ ತಿಕ್ಕಿ, ಎರಡು ಚೊಂಬು ನೀರು ಹಾಕಿದಳು.

"ಏನೇ ಇದು, ನಾಯಿಗೆ ಗಂಡಿನ ಕಡೆಯೋರು ಬರ್ತಾರಾ?" ಅಂದೆ.

"ನೋಡಾಕ ಬರೋರು ಯಾರಾದರೇನ್ರಿ, ಕೂಸು ಚಂದ ಕಾಣಬೇಕು."

ಹನ್ನೊಂದು ಗಂಟೆಗೆ ಸಂಘದ ಕಡೆಯಿಂದ ಲಾವಣ್ಯ ಅನ್ನುವ ಹುಡುಗಿ ಸ್ಕೂಟರಿನಲ್ಲಿ ಬಂದಳು. ಮರಿಯನ್ನು ಕಂಡಕೂಡಲೇ ಅವಳ ಮುಖ ಬದಲಾಯಿತು. ಕಿವಿ ಮಡಚಿ ನೋಡಿದಳು, ಹೊಟ್ಟೆ ನೋಡಿದಳು.

"ಯಾವಾಗಿಂದ ಹೀಗಿದೆ?"

"ಮುಂಜಾನಿಂದ್ರಿ ಮೇಡಂ!" ಹೊಗಳಿದರು ಅಂತಲೇ ರುಕ್ಮವ್ವ ತಿಳಿದಳು.

"ಊಟ ಮಾಡ್ತಾ?"

"ಇವತ್ತು ಏನೂ ತಿಂದಿಲ್ರಿ." ನೆಲ ಗಲೀಜು ಮಾಡೀತು ಅಂತ ತಾನೇ ಕೊಟ್ಟಿರಲಿಲ್ಲ. ಅದನ್ನು ಹೇಳಲಿಲ್ಲ.

"ಅಯ್ಯೋ, ಕಾಮಾಲೆ ಆಗಿದೆ ಅಮ್ಮ! ಮೈಯೆಲ್ಲಾ ಹಳದಿ. ಈಗ್ಲೇ ತಗೊಂಡ್ಹೋಗ್ತೀನಿ."

ಕಾಮಾಲೆ ಅಂದಿದ್ದೇ ರುಕ್ಮವ್ವ ಅಳತೊಡಗಿದಳು. ತಾನೇ ಹಚ್ಚಿದ ಅರಿಶಿನ ಅವಳಿಗೆ ನೆನಪಾಗಲೇ ಇಲ್ಲ. ಬಾಗಿಲಿಗೆ ಅಡ್ಡ ನಿಂತವನು ಭೀಮಪ್ಪ.

"ಎಲ್ಲಿಗೆ ಒಯ್ತೀರಿ? ನಿನ್ನಿ ರಾತ್ರಿ ಇಕಿ ಮಲಗಿದ ಮ್ಯಾಲ ನನ್ನ ತಾಟಿನ ರೊಟ್ಟಿ ತಿಂದದ, ನನ್ನ ಬಗಲಾಗ ಮಲಗೇದ. ಏನೂ ಆಗಿಲ್ಲ ಅದಕ್ಕ!"

ರುಕ್ಮವ್ವ ಅಳು ಮರೆತು ಗಂಡನನ್ನು ನೋಡಿದಳು. "ಹೊರಗ ಹಾಕೀನಿ ಅಂದ್ರಲ್ರಿ ನೀವು?"

ನಾನು ಸೆರಗಿನ ತುದಿ ಒದ್ದೆ ಮಾಡಿ ಮರಿಯ ಹೊಟ್ಟೆ ಒರೆಸಿದೆ. ಸೆರಗು ಹಳದಿಯಾಯಿತು. "ಒಂದು ಚಮಚ ಅರಿಶಿನ, ಎರಡು ಚೊಂಬು ನೀರು, ಬೆಳಿಗ್ಗೆ ಎಂಟೂವರೆಗೆ. ನಾನೇ ನೋಡಿದೀನಮ್ಮ," ಅಂದೆ.

ಲಾವಣ್ಯ ಮರಿಯ ತುಟಿ ಎತ್ತಿ ವಸಡು ನೋಡಿದಳು. ಹಳದಿ ಇರಲಿಲ್ಲ, ತಿಳಿಗೆಂಪಗೆ ಚೆನ್ನಾಗಿತ್ತು. ಹೊಸಿಲ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸುಧಾರಿಸಿಕೊಂಡು ಕೇಳಿದಳು, "ಒಂದೇ ರೂಮು. ಹಗಲು ಯಾರು ನೋಡ್ಕೊಳ್ತಾರೆ?"

"ಮಧ್ಯಾಹ್ನದ ತನಕ ನಾ ಇರ್ತೀನ್ರಿ, ನಂದು ಸೆಕೆಂಡ್ ಶಿಫ್ಟ್," ಅಂದ ಭೀಮಪ್ಪ.

"ಆಮೇಲೆ ನನ್ನ ಜಗಲೀಲಿ ಇರುತ್ತೆ," ಅಂದೆ. ಬಾಡಿಗೆದಾರರು ನಾಯಿ ಸಾಕಬಾರದು ಅಂತ ಹಿಂದೆ ಎಲ್ಲರಿಗೂ ಹೇಳಿದವಳು ನಾನೇ.

ಲಾವಣ್ಯ ಮರಿ ಒಪ್ಪಿಸುವ ಷರತ್ತುಗಳ ಕಾಗದ ತೆಗೆದು, ಅರಿಶಿನ ಹಚ್ಚಬಾರದು ಅಂತ ಕೆಳಗೆ ಒಂದು ಸಾಲು ಸೇರಿಸಿದಳು.

"ಹಬ್ಬಕ್ಕಾದ್ರೂ ಒಂದೀಟು?" ಅಂದಳು ರುಕ್ಮವ್ವ.

"ಬೇಡ ಅಮ್ಮ!"

ಭೀಮಪ್ಪ ಪೆನ್ನು ಕಿತ್ತುಕೊಂಡು ಮೊದಲು ಸಹಿ ಹಾಕಿದ. ಸಹಿಯ ಪಕ್ಕದಲ್ಲಿ ಏನು ಅಚ್ಚಾಗಿದೆ ಅಂತ ರುಕ್ಮವ್ವ ಕೇಳಿದಳು. ನಾನು ಅಕ್ಷರ ಕೂಡಿಸಿ ಓದಿದೆ: ಮಾಲೀಕರು.

"ಹಂಗಂದ್ರ ನನ್ನ ಹೆಸರೂ ಬರೀರಿ ಮೇಡಂ," ಅಂತ ಕಾಗದ ಹಿಡಿದು ಕೂತಳು, ಬಿಡಲಿಲ್ಲ.

ಲಾವಣ್ಯ ಅವಳ ಹೆಸರನ್ನು ಅವನದಕ್ಕಿಂತ ಮೇಲೆ ಬರೆದಳು.