ಪೇಂಟರ್‌ಗಿಂತ ಮೊದಲು ಬರಬೇಕಾದವರು

ಕೆಂಗಲ್ ಸಮೀಪದ ಶೆಡ್ಡಿನಲ್ಲಿ ಇನ್ನೂ ನಸುಗತ್ತಲು. ಬೈಕಿಗೆ ಸ್ಟ್ಯಾಂಡ್ ಹಾಕಿದ ಚಿಕ್ಕರಾಜು ಯಾರನ್ನೂ ಮಾತಾಡಿಸದೆ ಹಳೇ ಜೆಸಿಬಿಯ ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಇಟ್ಟಷ್ಟೇ ಬೇಗ ತೆಗೆಯುತ್ತಾರೆ.

“ಯಾರ್ರೀ ಇದನ್ನ ಸ್ಟಾರ್ಟ್ ಮಾಡಿದ್ದು? ತಣ್ಣಗಿರ್ಲಿ ಅಂತ ನೆನ್ನೆನೇ ಬಾಯಿ ಬಡ್ಕಂಡಿದ್ನಲ್ಲ!”

ಮಾರುವವರ ಕಡೆಯ ದಲ್ಲಾಳಿ ಮುನಿಶಾಮಯ್ಯ ಹಲ್ಲು ಕಿರಿಯುತ್ತಾನೆ. “ರಾತ್ರಿಯೆಲ್ಲ ದುಡಿದು ಈಗ ಬಂತು ಕಣಪ್ಪ.”

“ಓಹೋ! ಚಕ್ರಕ್ಕೂ ಬಕೆಟ್‌ಗೂ ನಡುವೆ ಬಲೆ ಕಟ್ಟೈತಲ್ಲ ಈ ಜೇಡ, ಇದೂ ನಿನ್ ಕಡೆ ಆಳೇನಣ್ಣ?”

ಹಳೇ ಎಂಜಿನ್ನಿನ ಕಾಯಿಲೆ ತಣ್ಣಗಿದ್ದಾಗಲೇ ಬಯಲಾಗುವುದು; ಬಿಸಿ ಮಾಡಿಟ್ಟರೆ ಅರ್ಧ ಮುಚ್ಚಿಹೋಗುತ್ತದೆ. ಅದಕ್ಕೇ ಚಿಕ್ಕರಾಜು ಕೋಳಿ ಕೂಗುವ ಹೊತ್ತಿಗೆ ಹೊರಡುತ್ತಾರೆ. ಕೊಳ್ಳುವವರ ಪರವಾಗಿ ಯಂತ್ರ ನೋಡಿಕೊಡುವುದು, ಕೊಂಡ ಮೇಲೆ ಗ್ರೀಸು, ಆಯಿಲ್ಲು ಎಂದು ಅದನ್ನು ಸಾಕುವುದು ಅವರ ಕಸುಬು. ಊರು ದೊಡ್ಡಆಲಹಳ್ಳಿ, ಕುರಿ ಸಾಕುವ ಮನೆತನ. ಕನಕಪುರದ ಕಲ್ಲುಕ್ವಾರಿಗಳಲ್ಲಿ ಯಂತ್ರಗಳ ಹೊಟ್ಟೆಯಡಿ ಮಲಗಿ ಕೆಲಸ ಕಲಿತವರು. ಎಡಗೈಯ ಒಂದು ಬೆರಳು ಅಲ್ಲೇ ಹೋಯಿತು.

“ಉಣ್ಣೆ ನೋಡಿ ಕುರಿ ತಗೋಬೇಡ, ಬೆನ್ ಮೂಳೆ ಮುಟ್ನೋಡು ಅಂತಿದ್ದ ನಮ್ಮಪ್ಪ. ಇವ್ರು ಬರೀ ಪೇಂಟ್ ನೋಡ್ತಾರೆ! ಬಿಡದಿ ಕಡೆ ಫ್ಯಾಕ್ಟ್ರಿ ಬಂದ್ವು, ಜಮೀನು ಹೋಯ್ತು, ಎಲ್ರಿಗೂ ಒಂದೊಂದು ಮಿಷಿನ್ ಬೇಕು. ತಗೊಂಡು ಕೆಟ್ಟ ಮೇಲೆ ನನ್ನ ಕರೀತಾರೆ.”

ಇವತ್ತಿನ ಗಿರಾಕಿ ದೊಡ್ಡಮಳೂರಿನ ಲೋಕೇಶ್. ಕೈಯಲ್ಲಿರುವುದು ಹೋದ ಜಮೀನಿನ ದುಡ್ಡು. ಅದು ಮುಗಿದರೆ ಹಿಂದೆ ಇನ್ನೊಂದಿಲ್ಲ. ಒಂಬತ್ತಕ್ಕೆ ಕೆಂಗಲ್ ಆಂಜನೇಯನ ಮುಂದೆ ಗಾಡಿಪೂಜೆ ಎಂದು ನಿಂಬೆಹಣ್ಣು ಸಮೇತ ಬಂದಿದ್ದಾರೆ. ಜೊತೆಗೆ ತಾಯಿ. ಯಂತ್ರದ ಹಣೆಯ ಮೇಲೆ ಆಗಲೇ ಅವರ ಹೆಸರು, ದಪ್ಪ ಕೆಂಪಕ್ಷರದಲ್ಲಿ: ಶಿವಲಿಂಗಮ್ಮ.

ಚಿಕ್ಕರಾಜು ಎಂಜಿನ್ ಶುರು ಮಾಡಿ ಆಯಿಲ್ ಮುಚ್ಚಳ ಬಿಚ್ಚುತ್ತಾರೆ. ಬೀಡಿ ಸೇದುವವನ ಬಾಯಿಯಿಂದ ಬಂದಂತೆ ಹೊಗೆ ಬುಸುಬುಸು ಬರುತ್ತದೆ. “ಒಳಗೆಲ್ಲ ಸವೆದೋಗೈತೆ. ಬ್ಯಾಡ.”

“ಅಣ್ಣಾ, ಅವ್ವನ ಹೆಸ್ರು ಬರ್ಸಾಗೈತಲ್ಲ! ಬುಟ್ಟೋದ್ರೆ ಅದು ಕಂಡೋರ ಗಾಡಿ ಮೇಲೆ ತಿರುಗ್ಬೇಕಾ?”

“ಪೇಂಟರ್‌ನ ಯಾರ್ಲಾ ಕರೆಸಿದ್ದು?”

“ಮುನಿಶಾಮಣ್ಣನೇ. ಕೂಲಿನೂ ನಂದೇ ಅಂದ್ರು.”

ಚಿಕ್ಕರಾಜು ಹಣೆ ಚಚ್ಚಿಕೊಳ್ಳುತ್ತಾರೆ. “ನೋಡಿ, ಕೊಕ್ಕೆ ಹಾಕೋದು ಹಿಂಗೆ! ಹೆಸ್ರು ಬಿದ್ಮೇಲೆ ಯಾವ ಮಗ ಹಿಂದಕ್ಕೆ ಹೋಗ್ತಾನೆ?”

ಶಿವಲಿಂಗಮ್ಮ ಪೂಜೆಯ ಬುಟ್ಟಿ ಕೆಳಗಿಟ್ಟು ಮುಂದೆ ಬರುತ್ತಾರೆ. “ಒಸಿ ಸೀಮೆಎಣ್ಣೆ ಬಟ್ಟೆ ಕೊಡಪ್ಪ. ನನ್ ಹೆಸ್ರು ತಾನೆ? ನಾನೇ ಒರೆಸ್ತೀನಿ.” ನಿನ್ನೆ ಬಳಿದ ಬಣ್ಣ, ಇನ್ನೂ ಹಸಿ. ಉಜ್ಜಿದಂತೆಲ್ಲ ಅಂಗೈ ಕೆಂಪಗಾಗುತ್ತದೆ. ಮುನಿಶಾಮಯ್ಯನ ಹಲ್ಲು ಒಳಗೆ ಹೋಗುತ್ತದೆ.

ಬೈಕ್ ಹತ್ತುವಷ್ಟರಲ್ಲಿ ಚಿಕ್ಕರಾಜು ಅವರ ಮೊಬೈಲು ಹೊಡೆದುಕೊಳ್ಳುತ್ತದೆ. ಮಾಗಡಿಯಿಂದ ಬೀರಲಿಂಗಯ್ಯ, ಅವರೂ ಒಂದು ಜೆಸಿಬಿ ನೋಡಿದ್ದಾರಂತೆ.

“ಬತ್ತೀನಣ್ಣ. ಅದಿರ್ಲಿ, ಪೇಂಟರ್ ಬಂದೋದ್ನಾ?... ಅಯ್ಯೋ ಶಿವನೇ! ಯಾರ ಹೆಸ್ರು, ಅವ್ವಂದಾ? ಹಂಗಾದ್ರೆ ಅವ್ವನ್ನೂ ಕರ್ಕಂಡ್ ಬನ್ನಿ. ಸೀಮೆಎಣ್ಣೆ ನಾನ್ ತತ್ತೀನಿ.”