ಶಿಲ್ಪಳ ಉಳಿದ ಅಂಡಾಶಯ ಮತ್ತು ಮಾವನ ತೀರ್ಪು

ಸ್ಕ್ಯಾನಿನ ದಿನ ಹತ್ತಿರ ಬಂತೆಂದರೆ ಹಂದನಕೆರೆಯಲ್ಲಿ ಕಾಗದಗಳು ತಪ್ಪು ಮನೆ ಸೇರುತ್ತವೆ. ಹಂಚುವವಳು ಅಂಚೆಯ ಶಿಲ್ಪ; ಸ್ಕ್ಯಾನೂ ಅವಳದೇ. ಕಳೆದ ವರ್ಷ ತುಮಕೂರಿನಲ್ಲಿ ಅವಳ ಎಡಗಡೆಯ ಅಂಡಾಶಯವನ್ನು ಗಡ್ಡೆ ಸಮೇತ ತೆಗೆದರು. ಗಡ್ಡೆ ಪೂರ್ತಿ ಕ್ಯಾನ್ಸರ್ ಅಲ್ಲ, ಪೂರ್ತಿ ಸಾಧುವೂ ಅಲ್ಲ, ಎರಡರ ಗಡಿಯ ಮೇಲಿನದಂತೆ. ಇನ್ನೂ ಮಕ್ಕಳಾಗಿರಲಿಲ್ಲ, ಕೇಳಿಕೊಂಡಳು; ಬಲಗಡೆಯದನ್ನೂ ಗರ್ಭಕೋಶವನ್ನೂ ಉಳಿಸಿದರು. ಅಂದಿನಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್.

ಮನೆಯಲ್ಲಿ ಇನ್ನೊಬ್ಬ ತಜ್ಞರಿದ್ದಾರೆ: ಮಾವ ಚಿಕ್ಕರಂಗಯ್ಯ. ಅಟ್ಟದಲ್ಲಿ ವರ್ಷಪೂರ್ತಿ ಒಣಗುವ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಒಡೆಯದೆಯೇ ಒಳಗಿನ ಕೊಬ್ಬರಿಯ ಭವಿಷ್ಯ ಹೇಳಬಲ್ಲವರು. ಆ ವಿದ್ಯೆ ಮನುಷ್ಯರಿಗೂ ಸಲ್ಲುತ್ತದೆಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಈ ಸಲ ಇಸ್ತ್ರಿ ಪಂಚೆ ಉಟ್ಟು, ಮಗ ರಾಜಣ್ಣನನ್ನು ಹಿಂದೆ ಹಾಕಿಕೊಂಡು, ಸೊಸೆಯ ಜೊತೆ ತಾವೇ ತುಮಕೂರಿಗೆ ಹೊರಟರು.

ಆಪರೇಷನ್ ಮಾಡಿದ್ದ ಡಾಕ್ಟರ್ ಆಶಾ ಸ್ಕ್ಯಾನ್ ನೋಡಿ, "ಸದ್ಯಕ್ಕೆ ಏನೂ ಇಲ್ಲ" ಎಂದರು.

"ಸದ್ಯಕ್ಕೆ ಅಂದ್ರೆ?" ಶಿಲ್ಪ ಕುರ್ಚಿಯ ತುದಿಗೆ ಬಂದಳು.

"ಒಂದನ್ನ ಉಳಿಸಿದೀವಲ್ಲ, ಮತ್ತೆ ಬರೋ ಸಂಭವ ಇದ್ದೇ ಇದೆ. ಬಂದ್ರೂ ಸಾಮಾನ್ಯವಾಗಿ ಅದೇ ಜಾತೀದು, ತೆಗೀಬಹುದು. ಬರೋದೇ ಇಲ್ಲ ಅಂತ ಮಾತ್ರ ಬರ್ಕೊಡಕ್ಕಾಗಲ್ಲ."

ಚಿಕ್ಕರಂಗಯ್ಯ ಗಂಟಲು ಸರಿಮಾಡಿಕೊಂಡರು. "ನೋಡಿ ಡಾಕ್ಟ್ರಮ್ಮ, ಅಟ್ಟದಾಗೆ ಒಂದು ಕಾಯಿ ಕೊಳೀತು ಅಂದ್ರೆ ನಾವು ಪಕ್ಕದ್ನೂ ಆಚಿಗೆ ಹಾಕ್ತೀವಿ. ನೀವು ಓದ್ದೋರು, ಅರ್ಧ ಕೆಲ್ಸ ಮಾಡಿ ಬುಟ್ಟಿದೀರಿ."

"ಪಕ್ಕದ್ದು ಚೆನ್ನಾಗಿದ್ರೂನಾ?"

"ಹಂಗಲ್ಲ... ಅಲುಗ್ಸಿ ನೋಡ್ತೀವಿ."

"ನಾವೂ ಅದನ್ನೇ ಮಾಡ್ತಿರೋದು ಯಜಮಾನ್ರೇ."

ರಾಜಣ್ಣನಿಗೆ ನಗು ಬಂತು. ಅಪ್ಪ ತಿರುಗಿದ್ದರಿಂದ ಅದನ್ನು ಕೆಮ್ಮು ಮಾಡಿಕೊಂಡ. ಆದರೆ ಅಪ್ಪನ ಗತ್ತು ಆಗಲೇ ಇಳಿದಿತ್ತು. ಸೊಸೆಯತ್ತ ನೋಡದೆಯೇ ಹೇಳಿದರು: "ಮಗು ಇಲ್ದಿದ್ರೆ ಬುಡವ್ವ. ನೀನಿರು, ಸಾಕು."

ಇಷ್ಟು ದಿನ ಮಾವ ಮೊಮ್ಮಗನಿಗಾಗಿ ಗೊಣಗುತ್ತಿದ್ದಾರೆಂದು ತಿಳಿದಿದ್ದ ಶಿಲ್ಪ ಅವರ ಮುಖವನ್ನೇ ನೋಡಿದಳು.

"ನಾನೂ ಇರ್ತೀನಿ ಮಾವ, ಉಳಿದಿರೋ ಇದೂ ಇರ್ಲಿ," ಎಂದವಳೇ ಡಾಕ್ಟರ ಕಡೆ ತಿರುಗಿದಳು. "ಮಗೀಗೆ ಅಂತ ಈಗ್ಲೇ ಪ್ರಯತ್ನ ಮಾಡ್ಬೌದಾ ಮೇಡಮ್?"

"ಮಾಡಿ, ತಡ ಬೇಡ. ಸ್ಕ್ಯಾನ್ ಮಾತ್ರ ತಪ್ಪಿಸ್ಬೇಡಿ."

ವಾಪಸ್ ಬರುವ ಬಸ್ಸಿನಲ್ಲಿ ಮೂರು ಸೀಟು ಖಾಲಿಯಿದ್ದರೂ ಅವಳು ಕಂಬಿ ಹಿಡಿದು ನಿಂತೇ ಇದ್ದಳು.

"ಕೂತ್ಕಳೇ," ಎಂದ ರಾಜಣ್ಣ.

"ಕೂತ್ರೆ ಮುಂದಿನ ಸ್ಕ್ಯಾನ್ ನೆನಪಾಯ್ತದೆ. ಹಿಂಗೇ ಬತ್ತೀನಿ ಬುಡ್ರೀ."

ಗುಬ್ಬಿ ದಾಟುವವರೆಗೆ ಚಿಕ್ಕರಂಗಯ್ಯ ಕೂತಲ್ಲಿಂದ ಅವಳನ್ನೇ ನೋಡಿದರು. ಆಮೇಲೆ ಕಿಟಕಿಯ ಗಾಳಿ ಸರಿಯಿಲ್ಲವೆಂದು ಇಡೀ ಬಸ್ಸಿಗೆ ಕೇಳುವಂತೆ ಘೋಷಿಸಿ, ಎದ್ದು ಬಂದು, ತಾವೂ ಅವಳ ಪಕ್ಕದಲ್ಲಿ ನಿಂತರು.